ಪುಕ್ಕಲು ಕೈ

'ಟಕ್' ಎಂದಿತೇ ಹೊರತು ಗುಂಡು ಹಾರಲಿಲ್ಲ. ಆದರೂ ಲೋವೆಲ್‌ನ ಕೈಯಲ್ಲಿದ್ದ ರಿವಾಲ್ವರಿನ ಮೂತಿ ಗಕ್ಕನೆ ಕೆಳಕ್ಕೆ ಬಾಗಿತು. ಗುಂಡು ಹಾರಿದಾಗ ಕೈಗೆ ಬೀಳುವ ಒದೆತಕ್ಕೆ ಮುಂಚೆಯೇ ಹೆದರುವ ಕೈ ಮಾತ್ರ ಹಾಗೆ ಬಾಗುತ್ತದೆ. ಒಹಾಯೋದ ಆ ಶೂಟಿಂಗ್ ಕ್ಲಬ್ಬಿನ ಹುಡುಗರಿಗೆಲ್ಲ ಈ ಮಾತು ಕಲಿಸಿದವನೇ ಅವನು.

"ಪಿಸ್ತೂಲು ಬಿಟ್ಟು ಎಲ್ರೂ ತಾತನ ಕಾಲದ ರಿವಾಲ್ವರ್ ಹಿಡ್ಕೊಂಡಿದೀರಲ್ಲ, ಕೌಬಾಯ್‌ಗಳಾ, ಕುದುರೆ ಎಲ್ಲಿ ಕಟ್ಟಿದೀರೋ?" ಎಂದು ಈಗಷ್ಟೇ ಮಗಳು ಟೆಸ್ಸಿಯನ್ನೂ ಅವಳ ಗೆಳೆಯರನ್ನೂ ಆಡಿಕೊಂಡಿದ್ದ. "ನೀನೇ ಒಂದ್ಸಲ ಹೊಡೆದು ನೋಡಪ್ಪ," ಎಂದು ಅವಳು ತನ್ನದನ್ನು ಕೊಟ್ಟಿದ್ದಳು. ತನ್ನ ಕೈ ಅಳುಕುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಲು ಗುಂಡುಗಳ ನಡುವೆ ಸಿಡಿಯದ ಒಂದು ಖಾಲಿ ತೋಟಾ ಸೇರಿಸಿದ್ದನ್ನು ಮರೆತಿದ್ದಳು.

ಇಷ್ಟು ವರ್ಷ ಲೋವೆಲ್‌ನ ಪಿಸ್ತೂಲು ಪ್ರತಿ ಸಲವೂ ಸಿಡಿದು, ಆ ಒದೆತದಲ್ಲಿ ಅವನ ಅಳುಕನ್ನು ಮುಚ್ಚಿಟ್ಟಿತ್ತು. ಹೋದ ವರ್ಷ ಇದೇ ಗೆಳೆಯರ ಎದುರು "ನಿಂದು ಪುಕ್ಕಲು ಕೈ" ಎಂದು ಮಗಳನ್ನು ತಂಡದಿಂದ ತೆಗೆದವನೂ ಅವನೇ.

"ಏನಾಯ್ತು, ಕೋಚ್?" ಹಿಂದಿನಿಂದ ಯಾರೋ ಕೇಳಿದರು.

"ಗುಂಡು ಕೆಟ್ಟಿದೆ."

ಟೆಸ್ಸಿ ರಿವಾಲ್ವರ್ ಬಿಚ್ಚಿ, ಖಾಲಿ ತೋಟಾ ತೆಗೆದು, ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡಳು. "ಹೌದು, ತಪ್ಪು ನಂದೇ. ಕೆಟ್ಟ ಗುಂಡು ತುಂಬ್ಸಿಬಿಟ್ಟಿದ್ದೆ."

"ನೋಡ್ಕೊಂಡು ತುಂಬ್ಸಬೇಕು," ಎಂದ ಲೋವೆಲ್, ಅವಳ ಮುಖ ನೋಡಲಾರದೆ.