ಬೂಟು ಹಾಕ್ಕೊಂಡೇ ಬನ್ನಿ

"ಬೂಟು ಹಾಕ್ಕೊಂಡೇ ಬನ್ನಿ ಅಮ್ಮ, ಒಳಗೆಲ್ಲ ಮೊಳೆ ಬಿದ್ದಿವೆ," ಎನ್ನುತ್ತ ಮನೆ ಕೆಡವುವ ಗುತ್ತಿಗೆದಾರ ಇನಗಾಕಿ ಬಾಗಿಲು ಸರಿಸಿದ. ಕಾಯೊಗೆ ಬೇಕಾಗಿದ್ದೂ ಅದೇ. ಅವಳ ಗಂಡ ಶಿಗೆರು ತನ್ನ ಮೊದಲ ಹೆಂಡತಿ ಫುಮಿಯೊಂದಿಗೆ, ಅವಳು ತೀರಿಕೊಳ್ಳುವವರೆಗೂ ಬಾಳಿದ ಮನೆ ಇದು. ಕೆಡವಿಸಲು ಅವನನ್ನು ಒಪ್ಪಿಸಿ, ಊರೊಳಗೇ ವಿಚಾರಿಸಿ ಇನಗಾಕಿಯನ್ನು ಗೊತ್ತುಮಾಡಿದವಳು ಕಾಯೊ. ಫುಮಿ ದಿನವೂ ಒರೆಸುತ್ತಿದ್ದಳೆಂದು ಕೇಳಿದ್ದ ಹುಲ್ಲುಚಾಪೆಯ ಮೇಲೆ ಅವಳು ಹಿಮ್ಮಡಿ ಊರಿಯೇ ನಡೆದಳು.

ಹಿಂದೆ ಗಂಡನ ಹೆಜ್ಜೆಯ ಸದ್ದು ಕೇಳಿಸಲಿಲ್ಲ. ತಿರುಗಿ ನೋಡಿದಳು. ಶಿಗೆರು ಹೊಸ್ತಿಲ ಬಳಿ ಬಗ್ಗಿ ಬೂಟು ಕಳಚಿ, ಎರಡರ ತುದಿಯನ್ನೂ ಹೊರಗೆ ಮಾಡಿ ಜೋಡಿಸಿಟ್ಟ. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ಮೆಲ್ಲಗೆ, "ಬಂದೆ ಕಣೇ," ಎಂದ. ತಮ್ಮ ಫ್ಲ್ಯಾಟಿಗೆ ಅವನು ಮಾತಿಲ್ಲದೆ ಬರುತ್ತಾನೆ; ಬಂದನೆಂಬುದು ಕಾಯೊಗೆ ಟಿ.ವಿ. ಸದ್ದಿನಿಂದಲೇ ತಿಳಿಯುತ್ತದೆ.

ಇನಗಾಕಿ ನಕ್ಕ. "ಏನ್ ಸಾರ್, ಬರೋ ವಾರ ಮನೇನೇ ಇರಲ್ಲ. ಯಾರು ಬೈತಾರೆ ಅಂತ ಬೂಟು ಬಿಟ್ರಿ?"

"ಅಯ್ಯೋ, ಅಭ್ಯಾಸ," ಎಂದ ಶಿಗೆರುವಿನ ಕಿವಿ ಕೆಂಪಾಯಿತು.

ಕಾಯೊ ಬಾಗಿಲಿಗೆ ಹೋಗಿ ಆ ಬೂಟುಗಳನ್ನು ಎತ್ತಿ ತಂದು ಅವನ ಮುಂದೆ ಹಿಡಿದಳು. "ಹಾಕ್ಕೊಳ್ಳಿ. ಮೊಳೆ ಚುಚ್ಚಿದ್ರೆ ಔಷಧಿ ಹಚ್ಚೋಳು ನಾನು, ಅವಳಲ್ಲ."

"ಹೌದು, ಹೌದು," ಎಂದು ಶಿಗೆರು ಬೂಟು ತೆಗೆದುಕೊಂಡ. ಅವುಗಳ ಮಣ್ಣು ಚಾಪೆಗೆ ಉದುರದಂತೆ ಎರಡನ್ನೂ ಎದೆಗೊತ್ತಿಕೊಂಡು, ಕಾಯೊಳ ಬೂಟಿನ ಗುರುತುಗಳನ್ನು ತುಳಿಯದೆ, ಕಾಲ್ಚೀಲದಲ್ಲೇ ಅಡುಗೆಮನೆಗೆ ನಡೆದ.