ಮೊಣಕಾಲುದ್ದ ನೀರು

ಗಡಿಯಾರ ರಿಪೇರಿ ಅಂಗಡಿಯ ಮುಂದೆ ಬಂದದ್ದೇ ತಡ, ಅತ್ತೆ ಸೊಸೆಯ ಕೈ ಬಿಡಿಸಿಕೊಂಡು ಉಟ್ಟ ಬಟ್ಟೆಯನ್ನು ಮೇಲೆತ್ತಿ ಹಿಡಿದರು. ಬಿಸಿಲಿಗೆ ಕಾದ ಒಣ ಡಾಂಬರು ರಸ್ತೆ. ಅದರ ಮೇಲೆ ಕಾಲಿನಿಂದ ತಡಕಿ ತಡಕಿ ಎಂಟು ಹೆಜ್ಜೆ ಇಟ್ಟು, ಆಚೆ ಬದಿ ಮುಟ್ಟಿದ ಮೇಲೆ ಬಟ್ಟೆ ಕೊಡವಿ ಇಳಿಬಿಟ್ಟರು. ಗಾಡಿಗಳು ಹಾರನ್ ಹೊಡೆದು ಹೊಡೆದು ಸುಸ್ತಾದವು. ಹಣ್ಣಿನಂಗಡಿಯವನು ಕಿಸಕ್ಕನೆ ನಕ್ಕ.

"ಯಾಕತ್ತೆ ಹೀಗ್ ಮಾಡ್ತೀರಿ?" ಹಿಂದೆಯೇ ಓಡಿಬಂದ ಸೊಸೆಗೆ ತಲೆ ಎತ್ತಲಾಗಲಿಲ್ಲ.

"ಮತ್ತೆ? ಬಟ್ಟೆ ನೆನೆಸ್ಕೊಳ್ಲಾ?"

ವಾರದಲ್ಲಿ ಇದು ಮೂರನೇ ಸಲ. ಅವಳ ಗಂಡ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವನು. ರಿಪೋರ್ಟಿನಲ್ಲಿ ಬಾರದ್ದನ್ನು ನಂಬುವ ಪೈಕಿಯವನಲ್ಲ. "ಅಮ್ಮಂಗೆ ಅರಳುಮರಳು. ಇನ್ನೊಂದ್ ಸಲ ಹೀಗಾದ್ರೆ ವಾಕಿಂಗೂ ಇಲ್ಲ, ಏನೂ ಇಲ್ಲ. ಬಾಗಿಲಿಗೆ ಬೀಗ ಹಾಕೋದೇ," ಎಂದು ಬೆಳಿಗ್ಗೆ ತಾನೇ ಖಡಾಖಂಡಿತವಾಗಿ ಹೇಳಿ ಹೋಗಿದ್ದ.

ಗಡಿಯಾರದವರು ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡೇ ರಸ್ತೆ ದಾಟಿ ಬಂದರು. "ಇವರು ಇಲ್ಲೇ ಹುಟ್ಟಿ ಬೆಳೆದೋರಾ ಅಮ್ಮಾ?"

"ಹೌದು, ಇದೇ ಬೀದೀಲಿ."

"ಅಂದ್ಕೊಂಡೆ. ಸ್ವಲ್ಪ ನಮ್ಮಂಗಡಿಗೆ ಬನ್ನಿ."

ಅಂಗಡಿಯ ಹಿಂಬದಿಯಲ್ಲಿ ನಾಲ್ಕು ಕಲ್ಲಿನ ಮೆಟ್ಟಿಲು, ನಡುವೆ ಸವೆದು ತಗ್ಗಾದವು, ಕೆಳಗಿಳಿದು ಸಿಮೆಂಟು ನೆಲಕ್ಕೆ ಬಂದು ನಿಂತುಬಿಟ್ಟಿದ್ದವು. ಅಲ್ಲಿದ್ದ ಕಬ್ಬಿಣದ ಮುಚ್ಚಳವನ್ನು ಗಡಿಯಾರದವರು ಎರಡೂ ಕೈಯಿಂದ ಎತ್ತಿದರು. "ಇಲ್ಲೊಂದು ಹಳ್ಳ ಇತ್ತು ಅಂತ ನಮ್ಮ ತಾತ ಹೇಳೋರು. ಮೇಲೆ ಮುಚ್ಚಿ ರಸ್ತೆ ಮಾಡಿದ್ರು. ಆದ್ರೆ ಅದು ಎಲ್ಲೂ ಹೋಗಿಲ್ಲ. ಕೇಳಿ."

ಸೊಸೆ ಮಂಡಿಯೂರಿ ಕಿವಿಗೊಟ್ಟಳು. ನೂರು ಗಡಿಯಾರಗಳ ಟಿಕ್ ಟಿಕ್ ಕೆಳಗೆ, ಎಲ್ಲೋ ಆಳದಲ್ಲಿ, ಜುಳುಜುಳು. ತಣ್ಣನೆ ಗಾಳಿ ಕೆನ್ನೆ ಸವರಿತು.

ಆಮೇಲೆ ಅತ್ತೆ ಮುಂದೆ, ಸೊಸೆ ಹಿಂದೆ. ಬೀದಿಯ ಸೊಟ್ಟ ತಿರುವುಗಳನ್ನು ಅವಳು ಇಷ್ಟು ವರ್ಷ ಬೈದುಕೊಂಡೇ ನಡೆದಿದ್ದಳು. ಈಗ ನೋಡಿದರೆ ನೀರು ಬಳುಕಿದ ಕಡೆಗೆಲ್ಲ ಬೀದಿಯೂ ಬಳುಕಿತ್ತು. "ಇಲ್ಲಿ ಬಟ್ಟೆ ಒಗೀತಿದ್ವಿ," ಅತ್ತೆ ಬ್ಯಾಂಕಿನ ಮೆಟ್ಟಿಲು ತೋರಿಸಿದರು. "ಇಲ್ಲಿ ಜೊಂಡು. ಕೈ ಹಾಕಿದ್ರೆ ಬಾತುಕೋಳಿ ಮೊಟ್ಟೆ ಸಿಕ್ತಿತ್ತು." ಅದು ಔಷಧಿ ಅಂಗಡಿ. ಷಟರುಗಳು, ಕರೆಂಟು ಕಂಬಗಳು, ಬಾಲ್ಕನಿಯ ಬಟ್ಟೆಗಳು ಎಲ್ಲ ತಲೆಕೆಳಗಾಗಿ, ನೀರಲ್ಲಿ ಮೆಲ್ಲಗೆ ಅಲುಗಾಡಿದ ಹಾಗೆ ಅನ್ನಿಸಿತು ಸೊಸೆಗೆ.

ಮರಳಿ ಬರುವಾಗ ಗಡಿಯಾರದ ಅಂಗಡಿಯ ಮುಂದೆ ಗಂಡ ನಿಂತಿದ್ದ. ಹಣ್ಣಿನಂಗಡಿಯವನು ಫೋನ್ ಮಾಡಿದ್ದನಂತೆ.

"ನಾನೇನ್ ಹೇಳಿದ್ದೆ ನಿಂಗೆ?"

ಅವಳು ಅವನ ತೋಳು ಹಿಡಿದು ಒಳಗೆ ಎಳೆದೊಯ್ದು, ತೆರೆದ ಮುಚ್ಚಳದ ಪಕ್ಕ ಕೂರಿಸಿ ಹೊರಗೆ ಬಂದಳು. ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಮುಖದ ಬಿಗಿ ಸಡಿಲಾಗಿತ್ತು. ರಸ್ತೆಯಂಚಿನಲ್ಲಿ ಕಾಯುತ್ತಿದ್ದ ತಾಯಿಯ ಪಕ್ಕ ಹೋಗಿ ನಿಂತ. ಡಾಂಬರನ್ನೇ ನೋಡುತ್ತಾ ನೋಡುತ್ತಾ, ಚಿಕ್ಕ ದನಿಯಲ್ಲಿ ಕೇಳಿದ:

"ಎಷ್ಟು ಆಳ ಇದೆ ಅಮ್ಮಾ?"

"ಮೊಣಕಾಲುದ್ದ, ಅಷ್ಟೇ. ಆದ್ರೂ ಕಲ್ಲು ಜಾರತ್ತೆ, ನೀನು ಹೊಸಬ," ಎಂದು ಅತ್ತೆ ಕೈ ಚಾಚಿದರು. "ನನ್ನ ಕೈ ಹಿಡ್ಕೋ."