ಕನ್ನಡಿಯ ಮುಂದಿನ ಜೋಕು

"ನಿಮಗೆ ಚಳಿ ಜಾಸ್ತೀನಾಮ್ಮ?" ಎಂದು ಡಾಕ್ಟರಮ್ಮ ಕೇಳಿದ್ದು ಹೆಂಡತಿಯನ್ನು. ಬಾಯಿ ಹಾಕಿದವನು ಗಂಡ. "ಸುಡು ಬೇಸಿಗೇಲೂ ಸ್ವೆಟರ್ ಬಿಚ್ಚಲ್ಲ ಮೇಡಂ." ಕ್ಷೌರದಂಗಡಿಯವನ ನಾಲಿಗೆ, ಕತ್ತರಿಗಿಂತ ಚುರುಕು. ನಿದ್ದೆಯ ಬಗ್ಗೆ ಕೇಳಿದರೆ, "ಕೂತಲ್ಲೇ ತೂಕಡಿಸ್ತಾಳೆ" ಎಂದ. ಹುಬ್ಬು ಉದುರುತ್ತಿದೆಯೇ ಎಂದರೆ, "ನಾನು ಕತ್ತರಿ ಹಾಕದೇನೇ ಅರ್ಧ ಹುಬ್ಬು ಮಾಯ!"

ಇಲ್ಲಿ ಯಾರೂ ನಗಲಿಲ್ಲ. ಆಗಲೇ ಅವನಿಗೆ ಆ ಮಾತಿನ ಗುರುತು ಹತ್ತಿದ್ದು. ಗಿರಾಕಿಗಳ ಕುತ್ತಿಗೆಗೆ ಬಟ್ಟೆ ಸುತ್ತುತ್ತಾ, ಅಂಗಡಿಯ ಕನ್ನಡಿಯ ಮುಂದೆ ದಿನವೂ ಬಿಡುತ್ತಿದ್ದ ಜೋಕು ಅದು. ಸ್ವೆಟರೂ ತೂಕಡಿಕೆಯೂ ಅಷ್ಟೇ. 'ನಮ್ಮನೆ ಆಮೆ' ಎಂದು ಅವಳ ಗೊಗ್ಗರು ದನಿಯನ್ನು ಅಣಕಿಸಿದರೆ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಮ್ಮೆ ಊಟದ ಡಬ್ಬಿ ತಂದವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಡಬ್ಬಿ ಇಟ್ಟು ಹೋಗಿದ್ದಳು.

ಡಾಕ್ಟರಮ್ಮ ರಕ್ತದ ರಿಪೋರ್ಟು ಮಡಚಿದರು. "ಕತ್ತಲ್ಲಿರೋ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡ್ತಿಲ್ಲ. ಅದಕ್ಕೇ ಮೈಯೆಲ್ಲಾ ನಿಧಾನ ಆಗಿದೆ, ಸೋಮಾರಿತನ ಅಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಮಾತ್ರೆ ತಗೊಂಡ್ರೆ ಸುಧಾರಿಸ್ಕೋತಾರೆ." ಆಮೇಲೆ ಅವನತ್ತ ತಿರುಗಿ ಮೆಚ್ಚುಗೆಯಿಂದಲೇ ಅಂದರು, "ಎಷ್ಟು ಚೆನ್ನಾಗಿ ಗಮನಿಸಿದ್ದೀರಿ! ಎಷ್ಟೋ ಗಂಡಂದಿರಿಗೆ ಇದ್ಯಾವುದೂ ಕಣ್ಣಿಗೇ ಬೀಳಲ್ಲ."

ಅವನಿಗೆ ಕೂತ ಕುರ್ಚಿ ಮುಳ್ಳಾಯಿತು. ಹೆಂಡತಿ ಸ್ವೆಟರಿನ ಮೇಲಿನ ಗುಂಡಿ ಹಾಕಿಕೊಳ್ಳುತ್ತಾ, ಅದೇ ಗೊಗ್ಗರು ದನಿಯಲ್ಲಿ, ನಿಧಾನವಾಗಿ ಹೇಳಿದಳು:

"ಹೌದು ಮೇಡಂ. ಇವ್ರು ಒಂದನ್ನೂ ಬಿಟ್ಟಿಲ್ಲ."